ನಲವತ್ತಡಿ ಆಳದ ಜರೀಗಿಡ

ಆ ಕಲ್ಲನ್ನು ಕೆಡಿಸಿದವಳು ನಾನು. ಮಾದೇವಿಯಲ್ಲ. ಕೆಡಿಸಿದ್ದು ಅವಳೇ ಎಂದು ಇಡೀ ಸ್ಕೂಲಿನ ಎದುರಿಗೆ ಹೇಳಿದವಳೂ ನಾನೇ—ಸುಳ್ಳೆಂದು ಚೆನ್ನಾಗಿ ಗೊತ್ತಿದ್ದು, ಒಂದು ಕಡೆಯೂ ತೊದಲದೆ, ಸ್ವಚ್ಛವಾದ ಉಚ್ಚಾರಣೆಯಲ್ಲಿ.

ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಮುದುಕರು ಇಂಥದ್ದನ್ನು ಬರೆಯಲು ಕೂತರೆ ಆಗಿನ ಗಾಳಿ, ಆಗಿನ ಬೆಳಕು, ಆಗಿನ ಜನರ ಮುಗ್ಧತೆ ಎಂದೆಲ್ಲ ಶುರುಮಾಡಿ, ತಪ್ಪಿನ ಹತ್ತಿರ ಬರುವ ಹೊತ್ತಿಗೆ ಓದುವವರನ್ನು ಮೆತ್ತಗೆ ಮಾಡಿಟ್ಟಿರುತ್ತಾರೆ. ಆ ಟ್ರಿಕ್ ನನಗೂ ಬರುತ್ತದೆ. ಬೇಡ.

ಐವತ್ತರ ದಶಕದ ನಡುವಿನ ಮಾತು. ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಬಿ.ಎಸ್ಸಿ. ಮುಗಿಸಿ, ಗುಂಡ್ಲುಪೇಟೆಯ ಒಂದು ಹೈಸ್ಕೂಲಿಗೆ ಸೈನ್ಸ್ ಟೀಚರಾಗಿ ಬಂದೆ. ಸ್ಕೂಲಿನ ಹೆಸರು ಬೇಡ. ಬಂದ ದಿನವೇ ಮಕ್ಕಳಿಗೆ, "ನನ್ನನ್ನು ಮಿಸ್ ಅನ್ನಬೇಕು, ಅಮ್ಮೋರು ಗಿಮ್ಮೋರು ಅನ್ನಕೂಡದು" ಎಂದು ಕಟ್ಟಪ್ಪಣೆ ಮಾಡಿದೆ. ಅವರು ಅಪ್ಪಣೆಯನ್ನೂ ಮೀರಲಿಲ್ಲ, ತಮ್ಮ ಮರ್ಯಾದೆಯನ್ನೂ ಬಿಡಲಿಲ್ಲ—"ಮಿಸ್ಸಮ್ಮೋರೆ" ಎಂದರು. ಆ ಪದ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಇಪ್ಪತ್ತಮೂರು ವರ್ಷದ ಹುಡುಗಿಗೆ ಎಂಥ ಗತ್ತು! ಈಗ ನೆನೆದರೆ ಕರೆದು ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತದೆ.

ಜೀವವಿಕಾಸದ ಪಾಠ ಶುರುವಾದ ದಿನ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಮಿಸ್ಸಮ್ಮೋರೆ, ಅಂಗಾರೆ ನಮ್ ತಾತ ಕೋತಿನಾ?" ಎಂದ.

ಪಕ್ಕದವನು ಬಿಡಲಿಲ್ಲ. "ತಾತನ್ ತಾವ್ಕೆ ಯಾಕ್ಲಾ ಓಯ್ತೀಯೆ? ಕನ್ನಡಿ ನೋಡ್ಕ, ಸಾಕು."

ಕ್ಲಾಸೆಲ್ಲ ನಕ್ಕಿತು. ನಾನು "ಸೈಲೆನ್ಸ್!" ಎಂದು ಡಸ್ಟರ್ ಕುಟ್ಟಿ ನೋಟ್ಸ್ ಬರೆಸಿದೆ. ಕೋತಿ ನಮ್ಮ ತಾತನಲ್ಲ, ದೂರದ ದಾಯಾದಿ, ಇಬ್ಬರಿಗೂ ಬಹಳ ಹಿಂದಿನ ಮೂಲ ಒಂದೇ—ಎಂದು ಒಂದು ವಾಕ್ಯದಲ್ಲಿ ಹೇಳಬಹುದಿತ್ತು. ದಾಯಾದಿ ಅಂದರೆ ಏನೆಂದು ಗೊತ್ತಿಲ್ಲದ ಮಗು ಆ ಸೀಮೆಯಲ್ಲಿ ಇರಲಿಲ್ಲ. ನನಗೇ ಆ ಮಾತು ಹೊಳೆಯಲಿಲ್ಲ. ನನಗೆ ಹೊಳೆಯುತ್ತಿದ್ದುದೆಲ್ಲ "ಸರ್ವೈವಲ್ ಆಫ್ ದಿ ಫಿಟೆಸ್ಟ್" ಎಂದು ಬೋರ್ಡಿನ ಮೇಲೆ ಸುಂದರವಾದ ಅಕ್ಷರದಲ್ಲಿ ಬರೆಯುವುದು. ಫಿಟೆಸ್ಟ್ ಯಾರು ಎಂಬ ವಿಷಯದಲ್ಲಿ ನನಗೆ ಸಂಶಯವೇ ಇರಲಿಲ್ಲ—ಬೋರ್ಡಿನ ಈ ಕಡೆ ನಿಂತಿದ್ದೆನಲ್ಲ.

ಆ ಕ್ಲಾಸಿನಲ್ಲಿ ಮಾದೇವಿ ಇದ್ದಳು. ಫಿಫ್ತ್ ಫಾರಂ, ಅಂದರೆ ಆಗಿನ ಹೈಸ್ಕೂಲಿನ ನಡುವಣ ಕ್ಲಾಸು. ಬೇಗೂರಿನವಳು, ಅಪ್ಪ ಕಲ್ಲು ಒಡೆಯುವವನು, ಬಾವಿ ತೋಡುವವನು. ಆ ಮನೆತನದಿಂದ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು. ಎಸ್.ಎಸ್.ಎಲ್.ಸಿ. ಪಾಸು ಮಾಡಿ ನರ್ಸ್ ಟ್ರೈನಿಂಗಿಗೆ ಹೋಗಬೇಕೆಂಬುದು ಅವಳ ಹಟ. ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು.

ನ್ಯಾಚುರಲ್ ಸೆಲೆಕ್ಷನ್ನಿಗೆ ನಾನು ಪುಸ್ತಕದಲ್ಲಿದ್ದ ಇಂಗ್ಲೆಂಡಿನ ಚಿಟ್ಟೆಯ ಕಥೆ—ಹೊಗೆಯಿಂದ ಕಪ್ಪಾದ ಮರಗಳ ಮೇಲೆ ಬಿಳಿಯವು ಹಕ್ಕಿಗಳ ಬಾಯಿಗೆ ಬಿದ್ದು ಕಪ್ಪಿನವೇ ಉಳಿದದ್ದು—ಹೇಳಿ, "ಎನಿ ಡೌಟ್ಸ್?" ಎಂದೆ. ಡೌಟ್ಸ್ ಕೇಳುವುದು ಒಂದು ಶಿಷ್ಟಾಚಾರ, ಉತ್ತರ ಬೇಕಿರಲಿಲ್ಲ. ಮಾದೇವಿ ಎದ್ದಳು.

"ಪುಣಜನೂರಲ್ಲಿ ನಮ್ಮಜ್ಜಿ ಮೇಕೆ ಸಾಕವ್ಳೆ ಮಿಸ್ಸಮ್ಮೋರೆ. ಕಾಡಂಚು. ಬೈಗಾಯ್ತಿದ್ದಂಗೆ ಬಿಳೀ ಮೇಕೆ ಚಿರ್ತೆ ಕಣ್ಗೆ ಮೊದ್ಲು ಬೀಳ್ತದೆ. ನಮ್ಮವ್ವ ಚಿಕ್ಕೋಳಿದ್ದಾಗ ಅರ್ಧಕ್ಕರ್ಧ ಬಿಳೀವೇ ಇದ್ವಂತೆ, ಈಗ ಎಲ್ಲಾ ಕಂದೇ. ಯಾರೂ ಆರ್ಸಿ ಇಟ್ಕಂಡಿದ್ದಲ್ಲ. ಇದೂ ಅದೇ ಅಲ್ವಾ?"

ಅದೇ. ಅಕ್ಷರಶಃ ಅದೇ. ಆದರೆ ನಾನು ಹೇಳಿದ್ದು, "ಗೋಟ್ಸ್ ಆರ್ ನಾಟ್ ಇನ್ ದಿ ಸಿಲಬಸ್. ಕೂತ್ಕೋ."

ಈಗ ಕಲ್ಲಿನ ವಿಷಯ.

ಮೈಸೂರಿನಿಂದ ಬರುವಾಗ ಒಮ್ಮೆ ಬಸ್ಸು ಬೇಗೂರಿನಲ್ಲಿ ರೇಡಿಯೇಟರಿಗೆ ನೀರು ಹಾಕಿಸಿಕೊಳ್ಳಲು ನಿಂತಿತು. ರಸ್ತೆ ಪಕ್ಕದಲ್ಲಿ ಹೊಸ ಬಾವಿ ತೋಡುತ್ತಿದ್ದರು. ಮೇಲೆ ಹಾಕಿದ್ದ ಕಲ್ಲಿನ ರಾಶಿಯಲ್ಲಿ ಒಂದು ಚಪ್ಪಡಿ—ಅಂಗೈ ಎರಡರಷ್ಟು ಅಗಲ, ಕಪ್ಪು ಬಿಳುಪು ಪಟ್ಟೆ. ಅದರ ಒಂದು ಮೈ ಮೇಲೆ ಕಡುಗಪ್ಪಿನ ಪುಟ್ಟ ಜರೀಗಿಡ! ಕಡ್ಡಿ, ಕಡ್ಡಿಗೆ ಕವಲು, ಕವಲಿಗೆ ಇನ್ನೂ ಸಣ್ಣ ಕವಲು. ಎಷ್ಟು ಆಳದ್ದು ಎಂದು ಕೇಳಿದೆ. ನಲವತ್ತಡಿ ಎಂದರು. ಎತ್ತಿಕೊಂಡೆ. "ತಗಂಡೋಗಿ ತಗಂಡೋಗಿ ಅವ್ವಾರೆ, ನಮ್ಗೆ ಬ್ಯಾಡದ್ದು, ನಿಮ್ಗಾದ್ರೂ ಬೇಳೆ ಬೇಯ್ಲಿ" ಎಂದು ಹಗ್ಗ ಎಳೆಯುತ್ತಿದ್ದವನು ನಕ್ಕ.

ಉಳಿದ ದಾರಿಯೆಲ್ಲ ಬಸ್ಸಿನಲ್ಲಿ ನನ್ನ ತಲೆ ಓಡುತ್ತಿತ್ತು. ಪಟ್ಟೆಗಳೆಂದರೆ ಪದರ. ಪದರವೆಂದರೆ ಒಂದು ಕಾಲಕ್ಕೆ ಕೆಸರು. ಆಳ ಹೆಚ್ಚಿದಷ್ಟೂ ಕಾಲ ಹಿಂದಿನದು. ಆದ್ದರಿಂದ ಇದು ಕೋಟ್ಯಂತರ ವರ್ಷದ ಹಿಂದಿನ ಗಿಡದ ಫಾಸಿಲ್. ಒಂದರ ಮೇಲೊಂದು ಪುಸ್ತಕದ ವಾಕ್ಯವನ್ನು ಪೇರಿಸಿದೆ; ಕೈಯಲ್ಲಿದ್ದ ಕಲ್ಲನ್ನು ಮಾತ್ರ ನೋಡಲಿಲ್ಲ.

ಆ ಸೀಮೆಯ ಕಲ್ಲು ಎಂಥದು ಎಂದು ಈಗ ಯಾವ ಸ್ಕೂಲಿನ ಹುಡುಗನಾದರೂ ಹೇಳುತ್ತಾನೆ. ಭೂಮಿಯ ಮೇಲೆ ಎಲೆ ಎಂಬುದೇ ಹುಟ್ಟುವ ಮೊದಲಿನದು. ನೆಲದಾಳದ ಕಾವಿಗೆ ಮೆತ್ತಗಾಗಿ, ಹಿಂಡಿ, ಮಡಿಸಿ ಹೋದದ್ದು. ಆ ಪಟ್ಟೆ ಕೆಸರಿನ ಪದರವಲ್ಲ. ಮೇಲಿನದು ಹೊಸದು, ಕೆಳಗಿನದು ಹಳೆಯದು ಎಂಬ ಲೆಕ್ಕ ತಳದಲ್ಲಿ ಕೂತು ಗಟ್ಟಿಯಾದ ಕೆಸರುಕಲ್ಲಿಗೆ ಸರಿ. ಇಂಥ ಕಲ್ಲಿನ ವಯಸ್ಸನ್ನು ಅದರೊಳಗೆ ನಿಧಾನವಾಗಿ ಸವೆಯುವ ಯುರೇನಿಯಮ್ಮಿನಿಂದ ತಿಳಿಯಬೇಕು. ಇದರಲ್ಲಿ ಎಲೆ ಹುಡುಕುವುದೆಂದರೆ ಉರಿಯುವ ಕುಲುಮೆಯಲ್ಲಿ ಗುಬ್ಬಿಗೂಡು ಹುಡುಕಿದ ಹಾಗೆ. ನಾನು ಹುಡುಕಿದೆ. ಸಿಕ್ಕೂ ಸಿಕ್ಕಿತು!

ಹೆಡ್‌ಮಾಸ್ಟರಿಗೆ ಸಂತೋಷವೋ ಸಂತೋಷ. ಅವರಿಗೆ ಫಾಸಿಲ್ ಎಂದರೆ ಏನೆಂದು ಗೊತ್ತಿರಲಿಲ್ಲ. ಕೋಟಿ ಎಂಬ ಪದ ಗೊತ್ತಿತ್ತು, ಅಷ್ಟು ಸಾಕಾಗಿತ್ತು. ಗಾಜಿನ ಪೆಟ್ಟಿಗೆ ಮಾಡಿಸಿ, ಬೀರುವಿನಲ್ಲಿಡಿಸಿ, ಬೀಗದ ಕೈ ನನಗೇ ಕೊಟ್ಟರು. ಮುಂದಿನ ತಿಂಗಳು ಚಾಮರಾಜನಗರದಲ್ಲಿ ಸ್ಕೂಲುಗಳ ವಸ್ತುಪ್ರದರ್ಶನ, ಮೈಸೂರಿನಿಂದ ಇನ್‌ಸ್ಪೆಕ್ಟರು ಬರುತ್ತಾರೆ. "ಮಿಸ್, ನಿಮ್ಮ ಸ್ಪೆಸಿಮನ್ನೇ ನಮ್ಮ ಮಾನ" ಎಂದರು. ಇನ್‌ಸ್ಪೆಕ್ಟರು ಮೆಚ್ಚಿದರೆ ನನಗೆ ಮೈಸೂರಿಗೆ ವರ್ಗ ಸಿಗಬಹುದಿತ್ತು. ಆ ದೂಳಿನ ಊರಿನಿಂದ ಬಿಡುಗಡೆ.

ಕ್ಲಾಸಿನಲ್ಲಿ ಕಲ್ಲನ್ನು ತೋರಿಸಿದ ಮಾರನೆಯ ದಿನ ಮಾದೇವಿ ತಾನೂ ಒಂದು ಕಲ್ಲು ತಂದಳು. ಸೆರಗಿನಲ್ಲಿ ಸುತ್ತಿ, ಬೇಗೂರಿನಿಂದ ಬಸ್ಸಿನಲ್ಲಿ. ಮೇಜಿನ ಮೇಲಿಟ್ಟಳು. ಅದೇ ಪಟ್ಟೆ, ಅದೇ ಕಪ್ಪು ಜರೀಗಿಡ—ಅರ್ಧದಷ್ಟು ಮಾತ್ರ. ಇನ್ನರ್ಧ ಕಲ್ಲು ತೊಳೆದ ಹಾಗೆ ಬೆಳ್ಳಗಿತ್ತು.

"ಇದು ಗಿಡ ಅಲ್ಲ ಮಿಸ್ಸಮ್ಮೋರೆ, ಕಲೆ. ನಮ್ಮಪ್ಪ ಬಾಗ್ಲಿನ್ ವಸ್ಲು ಕಲ್ಲು ಮಾಡ್ವಾಗ ಇಂತದ್ ಬಂದ್ರೆ ಕೊಳ್ಳೋರು ಬ್ಯಾಡ ಅಂತರೆ. ಅದ್ಕೆ ಅವ್ವ ನೆನ್ಸಿದ್ ಹುಣ್ಸೆಹಣ್ಣ ಮೆತ್ತಿ ಒಂದಗ್ಲೋ ಒಂದ್ ರಾತ್ರೆನೋ ಬುಡ್ತಳೆ. ಓಯ್ತದೆ. ನಾನು ಅರ್ಧಕ್ಕೆ ಮಾತ್ರ ಮೆತ್ತಿದ್ದೆ, ನಿಮ್ಗೆ ತೋರ್ಸನ ಅಂತ." ಕಲ್ಲನ್ನು ನನ್ನ ಕಡೆ ಸರಿಸಿ ಕೇಳಿದಳು, "ಗಿಡ ಕಲ್ಲಾಗಿದ್ರೆ ಹುಣ್ಸೆಹಣ್ಗೆ ಓಯ್ತದಾ?"

ಯಾರೂ ನಗಲಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ಅವಳಿಗೆ ನಿಲ್ಲಿಸಲು ತಿಳಿಯಲಿಲ್ಲ—ಹದಿನೈದು ವರ್ಷ, ಸತ್ಯ ಹೇಳಿದರೆ ಟೀಚರಿಗೆ ಸಂತೋಷವಾಗುತ್ತದೆ ಎಂದು ನಂಬಿದ್ದಳು. "ಇವು ಒಂದ್ರ ಮ್ಯಾಲೊಂದು ಕೂತಿರ ಪದ್ರನೂ ಅಲ್ಲ. ಬಿಸಿ ಹಿಟ್ಟು ತೊಳಸ್ದಂಗೆ ತಿರಿಕಂಡವೆ ನೋಡಿ. ಕಲೆ ಬಿರುಕಿನ್ ಮೈ ಮ್ಯಾಲೆ ಮಾತ್ರ ಇರದು, ಕಲ್ಲೊಳಗಿಲ್ಲ. ಕಲ್ಲು ಮೊದ್ಲು, ಬಿರುಕು ಆಮೇಲೆ, ನೀರಿಳ್ದು ಕಲೆ ಆಗಿರದು ಅದ್ಕೂ ಆಮೇಲೆ."

ಯಾವುದು ಯಾವುದನ್ನು ಸೀಳಿಕೊಂಡು ಹೋಗಿದೆಯೋ ಅದು ಅದಕ್ಕಿಂತ ಈಚಿನದು—ಈ ಒಂದು ಮಾತನ್ನು ತಲೆಗೆ ಹತ್ತಿಸಲು ನಾನು ಮುಂದೆ ಕಾಲೇಜಿನಲ್ಲಿ ಎಷ್ಟೋ ಪೀರಿಯಡ್ ವ್ಯಯಿಸಿದ್ದೇನೆ. ಅವಳು ಅದನ್ನು ಮನೆಯಂಗಳದಲ್ಲಿ ಕಲಿತಿದ್ದಳು. ಆ ದಿನ ನಾನು ಅವಳ ಬೆನ್ನು ತಟ್ಟಿದ್ದರೆ—

ತಟ್ಟಲಿಲ್ಲ. "ಕಲ್ಲು ಒಡೆಯೋದು ಬೇರೆ, ಕಲ್ಲನ್ನು ಓದೋದು ಬೇರೆ. ನಿಮ್ಮ ಮನೆಯವರು ಮೊದಲನೆಯದನ್ನ ಮಾಡ್ಕೊಂಡಿರಲಿ" ಎಂದೆ. ಈಗ ಕ್ಲಾಸು ನಕ್ಕಿತು. ಗೆದ್ದವರ ಕಡೆ ನಗುವುದನ್ನು ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಅವಳು ತನ್ನ ಕಲ್ಲನ್ನು ಸೆರಗಿಗೆ ಸುತ್ತಿಕೊಂಡು ಕೂತಳು.

ಆದರೆ ಮಾತು ಒಳಗೆ ನಾಟಿತ್ತು. ಶನಿವಾರ ಯಾರಿಗೂ ಹೇಳದೆ ನನ್ನ ಕಲ್ಲನ್ನು ರೂಮಿಗೆ ತಂದೆ. ಭಾನುವಾರ ಬೆಳಿಗ್ಗೆ ತೆಂಗಿನ ಚಿಪ್ಪಿನಲ್ಲಿ ಹುಣಸೆಹಣ್ಣು ನೆನೆಸಿ, ಜರೀಗಿಡದ ತುದಿಗೆ—ತುದಿಗೆ ಮಾತ್ರ, ಎರಡು ಬೆರಳಗಲ—ಮೆತ್ತಿದೆ. ಸುಳ್ಳಾಗಲಿ, ಆ ಹುಡುಗಿಯದು ಸುಳ್ಳಾಗಲಿ ಎಂದುಕೊಳ್ಳುತ್ತ ಸಂಜೆಯವರೆಗೆ ಸೀರೆ ಇಸ್ತ್ರಿ ಮಾಡಿದೆ. ಸಂಜೆ ತೊಳೆದೆ. ತುದಿ ಇರಲಿಲ್ಲ.

ಸೈನ್ಸ್ ಟೀಚರಾದವಳು ಆಗ ಏನು ಮಾಡಬೇಕಿತ್ತು? ಕುಣಿಯಬೇಕಿತ್ತು. ಹೇಳಿಕೆಯೊಂದು ಬಂತು, ಪರೀಕ್ಷೆ ಮಾಡಿದೆ, ಉತ್ತರ ಸಿಕ್ಕಿತು—ಸೈನ್ಸ್ ಅಂದರೆ ಇಷ್ಟೇ ತಾನೆ? ನನ್ನ ಬದುಕಿನಲ್ಲಿ ನಾನೇ ಕೈಯಾರೆ ಮಾಡಿದ ಮೊದಲ ನಿಜವಾದ ಪ್ರಯೋಗ ಅದು. ನಾನು ಯೋಚಿಸಿದ್ದು ಒಂದೇ: ಈ ತುದಿ ಹೋದದ್ದಕ್ಕೆ ಯಾರನ್ನು ತೋರಿಸುವುದು?

ಸೋಮವಾರ ಬೆಳಿಗ್ಗೆ ನಾನು ಕಲ್ಲನ್ನು ಅದರ ಜಾಗಕ್ಕೆ ಸೇರಿಸಿದ ಮೇಲೆ ಹೆಡ್‌ಮಾಸ್ಟರು ಪೆಟ್ಟಿಗೆಯ ಮೇಲೆ ಬಗ್ಗಿದರು. "ತುದಿ ಏನಾಯ್ತು ಮಿಸ್?"

"ಯಾರೋ ಹುಣಸೆಹಣ್ಣು ಹಾಕಿ ಉಜ್ಜಿದಾರೆ ಸರ್. ಆ ಬೇಗೂರಿನ ಹುಡುಗಿ ಶುಕ್ರವಾರ ಕ್ಲಾಸಿನಲ್ಲಿ ಅದನ್ನೇ ಹೇಳ್ತಿದ್ದಳು."

"ಆರ್ ಯು ಶೂರ್?"

"ಪಾಸಿಟಿವ್, ಸರ್."

ಆ ಎರಡು ಪದಕ್ಕೆ ಎಷ್ಟು ಹೊತ್ತು ಬೇಕು? ಅಷ್ಟೇ ಹೊತ್ತಿನಲ್ಲಿ ಒಬ್ಬಳ ಓದು ಮುಗಿಯಿತು.

ಪ್ರಾರ್ಥನೆಗೆ ನಿಂತಿದ್ದ ಮಕ್ಕಳನ್ನು ಕ್ಲಾಸಿಗೆ ಬಿಡದೆ ಹೆಡ್‌ಮಾಸ್ಟರು ಮಾದೇವಿಯನ್ನು ಮುಂದೆ ಕರೆದರು. ಎಲ್ಲರಿಗೂ ಕೇಳಿಸುವ ಹಾಗೆ ಹೇಳಿ ಎಂದರು. ನಾನು ಹೇಳಿದೆ. ಕೈ ಮಾಡಿ ತೋರಿಸಿದೆ ಕೂಡ. ಸ್ಕೂಲಿನ ಆಸ್ತಿ ಹಾಳುಮಾಡಿದವಳು, ಬೀರು ತೆಗೆದ ಕಳ್ಳಿ. ಅವಳು ಅಳಲಿಲ್ಲ. ನನ್ನನ್ನು ನೋಡುತ್ತ, ಹೆಡ್‌ಮಾಸ್ಟರಿಗೆ ಹೇಳಿದಳು:

"ನಾನು ನನ್ ಕಲ್ಲುಜ್ಜಿದೆ ಸಾ. ಮಿಸ್ಸಮ್ಮೋರ ಕಲ್ಲ ಮುಟ್ನಿಲ್ಲ."

ಮಾರನೆಯ ದಿನ ಅವಳ ಅಪ್ಪ ಬಂದ. ವರಾಂಡದ ಕೆಳಗೇ ನಿಂತ, ಮೇಲೆ ಹತ್ತಲಿಲ್ಲ. "ಬುದ್ಧಿ, ಅಂತ ಕಲ್ಲು ಒಂದಲ್ಲ, ಒಂದ್ ಗಾಡಿ ತಂದಾಕ್ತೀನಿ. ನನ್ ಮಗೀನ ಓದ್ಸಿ ಬುದ್ಧಿ."

"ಕೇಳಿದ್ರಾ ಮಿಸ್? ಒಂದು ಗಾಡಿ ಫಾಸಿಲ್ ತರ್ತಾನಂತೆ!" ಎಂದು ಹೆಡ್‌ಮಾಸ್ಟರು ಹೊಟ್ಟೆ ಕುಲುಕಿಸಿ ನಕ್ಕರು. ನಾನೂ ನಕ್ಕೆ. ಅಪೂರ್ವವೆಂದು ಗಾಜಿನಲ್ಲಿಟ್ಟದ್ದು ಗಾಡಿಗಟ್ಟಲೆ ಸಿಗುತ್ತದೆ ಎನ್ನುತ್ತಿದ್ದಾನೆ ಈ ಮನುಷ್ಯ, ಹಾಗಾದರೆ ಅದು ಏನು—ಎಂದು ಕೇಳುವ ಬುದ್ಧಿ ವರಾಂಡದ ಮೇಲಿದ್ದ ಇಬ್ಬರಲ್ಲಿ ಒಬ್ಬರಿಗೆ ಇರಲಿಲ್ಲ. ಇನ್ನೊಬ್ಬಳಿಗೆ ಕೇಳಬೇಕಾಗಿಯೇ ಇರಲಿಲ್ಲ.

ನನ್ನ ಕಾನ್ವೆಂಟ್ ಹ್ಯಾಂಡ್‌ರೈಟಿಂಗ್ ಚೆಂದವೆಂದು ಟಿ.ಸಿ.ಗಳನ್ನೆಲ್ಲ ನನ್ನಿಂದಲೇ ಬರೆಸುತ್ತಿದ್ದರು. ಸ್ಕೂಲಿನಿಂದ ತೆಗೆದುಹಾಕಿದ ಮಾದೇವಿಯದನ್ನೂ ನಾನೇ ಬರೆದೆ. ನಡತೆಯ ಕಾಲಮ್ಮಿನಲ್ಲಿ "ಅನ್‌ಸ್ಯಾಟಿಸ್‌ಫ್ಯಾಕ್ಟರಿ" ಎಂದು, ಅಕ್ಷರಗಳಿಗೆ ಸರಿಯಾದ ಓರೆ ಕೊಟ್ಟು. ಅಪ್ಪ ಅದನ್ನು ಹಿಡಿದು ಚಾಮರಾಜನಗರದ ಹೈಸ್ಕೂಲಿಗೆ ಹೋದನಂತೆ. ಅವರು ಆ ಒಂದು ಪದ ಓದಿ ವಾಪಸ್ ಕೊಟ್ಟರಂತೆ. ಅಲ್ಲಿಗೆ ಆಯಿತು.

ಪ್ರದರ್ಶನವೂ ನಡೆಯಿತು. ಇನ್‌ಸ್ಪೆಕ್ಟರು ಕನ್ನಡಕ ಏರಿಸಿ ಕಲ್ಲನ್ನು ನೋಡಿ, "ವಂಡರ್‌ಫುಲ್! ಎಷ್ಟು ಹಳೆಯದು?" ಎಂದರು. ಕಲೆಯೆಂದು ಗೊತ್ತಿದ್ದೇ, "ಕೋಟ್ಯಂತರ ವರ್ಷ, ಸರ್" ಎಂದೆ. "ಹೇಗೆ ಗೊತ್ತು?" ಎಂದು ಅವರು ಕೇಳಲಿಲ್ಲ. ಸೈನ್ಸಿನ ಪ್ರದರ್ಶನದಲ್ಲಿ ಆ ದಿನ ಸಂಜೆವರೆಗೂ ಆ ಒಂದು ಪ್ರಶ್ನೆ ಯಾರ ಬಾಯಲ್ಲೂ ಬರಲಿಲ್ಲ. ಕೇಳುವವಳನ್ನು ಆಚೆ ಹಾಕಿ ಬಂದಿದ್ದೆವಲ್ಲ. ನನಗೆ ಸರ್ಟಿಫಿಕೇಟು ಸಿಕ್ಕಿತು, ವರ್ಷದೊಳಗೆ ಮೈಸೂರಿಗೆ ವರ್ಗವೂ ಸಿಕ್ಕಿತು.

ಟ್ರಂಕು ಹಾಕಿಕೊಂಡು ಹೊರಟ ದಿನ ಬೇಗೂರಿನ ಹತ್ತಿರ ಊಟಿ ರಸ್ತೆಗೆ ಜಲ್ಲಿ ಒಡೆಯುತ್ತ ಕೂತಿದ್ದ ಹೆಂಗಸರ ಸಾಲಿನಲ್ಲಿ ಅವಳಿದ್ದಳು. ಬಸ್ಸಿನ ಸದ್ದಿಗೆ ತಲೆಯೆತ್ತಿದಳು. ನಾನು ಮುಖಕ್ಕೆ ಪುಸ್ತಕ ಅಡ್ಡ ಹಿಡಿದೆ. ಯಾವ ಪುಸ್ತಕವೋ, ನೆನಪಿಲ್ಲ.

ಎಂ.ಎಸ್ಸಿ. ಮಾಡಿಕೊಂಡು, ಆಮೇಲೆ ಮೂವತ್ತು ವರ್ಷ ಮೈಸೂರಿನ ಕಾಲೇಜಿನಲ್ಲಿ ಅದೇ ಜೀವವಿಕಾಸ ಪಾಠ ಮಾಡಿದೆ. ಬಿಳಿ ಮೇಕೆ, ಚಿರತೆ—ಆ ಉದಾಹರಣೆಯನ್ನು ಪ್ರತಿವರ್ಷ ಹೇಳಿದೆ, ನನ್ನದೆಂದೇ ಹೇಳಿದೆ. "ಸೋ ಒರಿಜಿನಲ್, ಮಿಸ್!" ಎಂದರು ಹುಡುಗಿಯರು. ನಾನು ಮುಗುಳ್ನಕ್ಕೆ. ಓದನ್ನು ಕಿತ್ತುಕೊಂಡದ್ದು ಸಾಲದೆಂದು ಮೇಕೆಯನ್ನೂ ಬಿಡಲಿಲ್ಲ.

ಹೋದ ವರ್ಷ ಮದುವೆಯೊಂದರಲ್ಲಿ ಆಗಿನ ಶಿಷ್ಯನೊಬ್ಬ ಸಿಕ್ಕಿ, ಮಾತಿಗೆ ಮಾತು ಬಂದು, ಮಾದೇವಿ ಉಮ್ಮತ್ತೂರಿನಲ್ಲಿದ್ದಾಳೆ ಎಂದ. ಮದುವೆಯಾಗಿ ಅಲ್ಲಿಗೆ ಬಂದಳಂತೆ. ಚಾಮರಾಜನಗರದಲ್ಲಿ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದು ರಿಟೈರಾದಳಂತೆ. ಆಯಾ. ನರ್ಸುಗಳ ಹಿಂದೆ ಬಕೆಟ್ ಹಿಡಿದು. ನಾನು ಎರಡು ದಿನ ಅನ್ನ ಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತದೆ, ಬಿಡಲಿಲ್ಲ, ಉಂಡೆ. ಆಮೇಲೆ ಕಾರು ಮಾಡಿಕೊಂಡು ಹೋದೆ.

ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಬನ್ನಿ ಮಿಸ್ಸಮ್ಮೋರೆ. ಕುತ್ಗೆ ಅಂಗೆ ಕಡ್ಡಿ ನುಂಗ್ದೋರಂಗೆ ಇಟ್ಕಂಡು ನಡೆಯೋರು ಇನ್ಯಾರವ್ರೆ!"

ಒಳಗೆ ಕೂತೆ, ಅವಳೂ ಮೊರ ಎತ್ತಿಕೊಂಡು ಬಂದಳು. ಅಲ್ಲಿದ್ದ ಸೊಸೆಯನ್ನು ಆಚೆ ಕಳಿಸು, ಬಾಗಿಲು ಹಾಕಿಸು ಎಂದೆ. ಹಾಕಿಸಿದಳು. ಹೇಳಿದೆ—ಕಲ್ಲು, ಭಾನುವಾರ, ಹುಣಸೆಹಣ್ಣು, ಎಲ್ಲ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣಿ. ಅವತ್ತೇ ಗೊತ್ತಿತ್ತು. ಬೀರು ಬೀಗದ್ ಕೈ ನಿಮ್ ಸೊಂಟದಲ್ಲಿತ್ತು. ನಾನ್ ಮುಟ್ನಿಲ್ಲ ಅಂದ್ಮೇಲೆ ಇನ್ಯಾರು ಮುಟ್ಟದು?"

ಅಷ್ಟೇ ಲೆಕ್ಕ. ಹೆಡ್‌ಮಾಸ್ಟರಿಗೂ ಬರಬಹುದಾಗಿದ್ದ ಲೆಕ್ಕ. ಗೊತ್ತಿದ್ದರೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ—ಹೌದು, ಅಷ್ಟಾದ ಮೇಲೂ ಅವಳನ್ನೇ ಕೇಳಿದೆ.

"ಯೋಳಿದ್ನಲ್ಲ, ಮುಟ್ನಿಲ್ಲ ಅಂತ. ಯಾರ್ ಕೇಳುದ್ರು?" ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿದಳು. "ಈಗ ನೀವು ತಪ್ಪಾಯ್ತು ಅಂದ್ರೆ ನಾನು ಫಿಫ್ತ್ ಫಾರಂಗೆ ಓಗಕಾದ್ದಾ?"

ನಾನೂ ಒಂದು ಅವರೆಕಾಯಿ ಎತ್ತಿಕೊಂಡು ಸುಲಿಯತೊಡಗಿದೆ.

"ಒಂದ್ ಮಾತು ಕೇಳ್ತೀನಿ ಮಿಸ್ಸಮ್ಮೋರೆ. ಅವತ್ತು ಇಡೀ ಸ್ಕೂಲ್ನ ನಿಲ್ಸ್ಕಂಡು ಕಳ್ಳಿ ಅಂದ್ರಿ. ಇವತ್ತು ಬಾಗ್ಲಾಕ್ಸಿ ನನ್ ಕಿವೀಲಿ ಯೋಳ್ತಿದ್ದೀರಲ್ಲ, ಇದ್ಯಾವ ನ್ಯಾಯ?"

ಕಾನ್ವೆಂಟಿನ ಚಾಪೆಲ್ಲಿನಲ್ಲಿ ಮರದ ಕಿಂಡಿಯ ಆಚೆ ಕೂತ ಪಾದ್ರಿಗೆ ತಮ್ಮ ಪಾಪ ಪಿಸುಗುಟ್ಟಿ, ಹಗುರಾಗಿ ಎದ್ದು ಬರುವವರನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ನಾನೂ ಹಗುರಾಗಲೆಂದೇ ಉಮ್ಮತ್ತೂರಿಗೆ ಹೋಗಿದ್ದೆ ಎಂದು ಆಗ ಗೊತ್ತಾಯಿತು. ಅವಳಿಗೆ ಕೊಡಲು ಏನನ್ನೂ ಒಯ್ದಿರಲಿಲ್ಲ.

ನಾನೇ ಎದ್ದು ಬಾಗಿಲು ತೆಗೆದೆ. ಕಾಫಿ ಕುಡಿದು ಹೋಗಿ ಎಂದು ಅವಳು ಅನ್ನಲಿಲ್ಲ. ಮತ್ತೆ ಬನ್ನಿ ಎಂದೂ ಅನ್ನಲಿಲ್ಲ. ಅನ್ನಬೇಕಾಗಿಯೂ ಇಲ್ಲ.

ಬರುವ ತಿಂಗಳು ಗುಂಡ್ಲುಪೇಟೆಯ ಅದೇ ಸ್ಕೂಲಿನಲ್ಲಿ ಹಳೆಯ ವಿದ್ಯಾರ್ಥಿಗಳ ಸಭೆ. ಬದುಕಿರುವ ಹಳೆಯ ಟೀಚರ್ ನಾನೊಬ್ಬಳೇ ಎಂದು ನನಗೆ ಶಾಲು ಹೊದಿಸುತ್ತಾರಂತೆ. ಇಷ್ಟು ದಿನ ಆಗುವುದಿಲ್ಲ ಎನ್ನುತ್ತಿದ್ದೆ. ಈಗ ಬರುತ್ತೇನೆ ಎಂದು ಕಾಗದ ಹಾಕಿದ್ದೇನೆ, ಇದರ ಒಂದು ಪ್ರತಿಯನ್ನೂ ಅವರಿಗೆ ಕಳಿಸುತ್ತೇನೆ. ಇದನ್ನು ಓದಿದ ಮೇಲೆ ಅವರು ನನ್ನನ್ನು ವೇದಿಕೆಗೆ ಹತ್ತಿಸದೆ ಇರಬಹುದು. ಹತ್ತಿಸದಿದ್ದರೆ ಕೆಳಗೆ ಕುರ್ಚಿಗಳ ಸಾಲಿನಲ್ಲಿ ಕೂತು, ಎದ್ದು ನಿಲ್ಲುತ್ತೇನೆ. ಗಂಟಲು ಇನ್ನೂ ಚೆನ್ನಾಗಿದೆ. ಅವಳ ಹೆಸರು ಹಿಡಿದು, ಅವಳ ಅಪ್ಪನ ಊರು ಹಿಡಿದು, ಹಿಂದಿನ ಸಾಲಿನವರೆಗೂ ಕೇಳಿಸುವ ಹಾಗೆ ಹೇಳುತ್ತೇನೆ. ಒಂದೇ ಒಂದು ಇಂಗ್ಲಿಷ್ ಪದವಿಲ್ಲದೆ.